ನಡುಗೆರೆ ದಾಟದ ಸರ್ಪ

ಯಾರಿಗಾದರೂ ಸರ್ಪಸುತ್ತು ಎದ್ದಿದೆ ಎಂದರೆ ನೋಡಲು ಬಂದ ಹಿರಿಯರು ಅಂಗಿ ಎತ್ತಿಸಿ ಬೆನ್ನು, ಹೊಟ್ಟೆ ಎರಡನ್ನೂ ಪರೀಕ್ಷಿಸುತ್ತಾರೆ. ಹಾವಿನ ತಲೆ ಎಲ್ಲಿದೆ, ಬಾಲ ಎಲ್ಲಿದೆ, ನಡುವೆ ಇನ್ನೆಷ್ಟು ಜಾಗ ಉಳಿದಿದೆ ಎಂಬುದು ಅವರ ಲೆಕ್ಕ. ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಕೂಡದಿರಲೆಂದು ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ, ನಾಗನಿಗೆ ಹರಕೆ ಹೊರುತ್ತಾರೆ. ಹೆಚ್ಚುಕಡಿಮೆ ಪ್ರತಿ ಸಲವೂ ಈ ಉಪಾಯ ಫಲಿಸುತ್ತದೆ. ಗುಳ್ಳೆಗಳು ಬೆನ್ನುಮೂಳೆಯ ಪಕ್ಕದಿಂದ ಹೊರಟು, ಪಕ್ಕೆಯನ್ನು ಬಳಸಿ, ಎದೆಯ ಅಥವಾ ಹೊಟ್ಟೆಯ ನಟ್ಟನಡುವೆ ಬಂದು ನಿಂತುಬಿಡುತ್ತವೆ. ಎಡಕ್ಕೆ ಎದ್ದದ್ದು ಬಲಕ್ಕೆ ದಾಟುವುದಿಲ್ಲ. ಏನನ್ನೂ ಹಚ್ಚದವರಲ್ಲೂ ದಾಟುವುದಿಲ್ಲ.

ಚರ್ಮದ ಮೇಲೆ ಅಂಥ ಗಡಿಯೇನೂ ಕಾಣುವುದಿಲ್ಲ. ಹೊಕ್ಕುಳಿನ ಎಡಕ್ಕಿರುವ ಚರ್ಮಕ್ಕೂ ಬಲಕ್ಕಿರುವುದಕ್ಕೂ ನೋಟದಲ್ಲಿ ಭೇದವಿಲ್ಲ. ಗಡಿ ಹಾಕಿರುವುದು ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಮಣಿ ಮಣಿಗಳ ನಡುವಿನ ಕಿಂಡಿಯೊಳಗೆ ಅಡಗಿ ಕುಳಿತ ಪುಟ್ಟ ನರಗಂಟುಗಳು. ವೈದ್ಯರ ಮಾತಿನಲ್ಲಿ ಗ್ಯಾಂಗ್ಲಿಯಾನ್. (ಮಣಿಕಟ್ಟಿನ ಮೇಲೆ ಏಳುವ ನೀರುತುಂಬಿದ ಗಂಟಿಗೂ ಅವರು ಇದೇ ಹೆಸರು ಹೇಳುವುದುಂಟು. ಅದು ಬೇರೆಯೇ ಸಂಗತಿ, ಅದಕ್ಕೂ ನರಕ್ಕೂ ಸಂಬಂಧವಿಲ್ಲ.)

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಕುತ್ತಿಗೆಯಲ್ಲಿ 8, ಎದೆಯ ಉದ್ದಕ್ಕೂ 12, ಸೊಂಟದಲ್ಲಿ 5, ಅದರ ಕೆಳಗೆ ತ್ರಿಕಾಸ್ಥಿಯಲ್ಲಿ 5, ತೀರ ತುದಿಯಲ್ಲಿ 1. ಒಂದೊಂದು ನರವೂ ಹುರಿಯನ್ನು ಎರಡು ಬೇರುಗಳಿಂದ ಹಿಡಿದುಕೊಂಡಿರುತ್ತದೆ: ಹೊಟ್ಟೆಯ ಕಡೆಗೆ ಮುಂಬೇರು, ಬೆನ್ನಿನ ಕಡೆಗೆ ಹಿಂಬೇರು. ಹಿಂಬೇರಿನ ಮೇಲೆ ಮಾತ್ರ ಒಂದು ಉಬ್ಬು ಇದೆ. ಸೊಂಟದ ಕೆಳಭಾಗದಲ್ಲಿ ಅದರ ಉದ್ದ ಸುಮಾರು ಒಂದು ಸೆಂಟಿಮೀಟರ್. ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ದುಂಡನೆಯ, ಸಾಕಷ್ಟು ದೊಡ್ಡ ಕೋಶಗಳು ಗುಂಪುಗುಂಪಾಗಿ ಕಾಣುತ್ತವೆ. ಕೆಲವಂತೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲ. ಪ್ರತಿಯೊಂದು ಕೋಶವನ್ನೂ ಚಿಕ್ಕ ಚಿಕ್ಕ ಸಹಾಯಕ ಕೋಶಗಳು ಸುತ್ತುವರಿದು ಅಪ್ಪಿಕೊಂಡಿರುತ್ತವೆ. ಒಂದು ಗಂಟಿನಲ್ಲಿ ಇಂಥ ನರಕೋಶಗಳು ಹತ್ತಾರು ಸಾವಿರ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಬರೆದ ನರಕೋಶದ ಚಿತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆ ಚಿತ್ರದಲ್ಲಿ ಒಂದು ತುದಿಗೆ ಕವಲೊಡೆದ ತಲೆ, ಅಲ್ಲಿಂದ ಉದ್ದನೆಯ ಬಾಲ. ಸಂಕೇತ ತಲೆಯಿಂದ ಬಾಲಕ್ಕೆ. ನರಗಂಟಿನ ಕೋಶಕ್ಕೆ ಹೊರಡುವುದು ಒಂದೇ ಒಂದು ಕಾಂಡ. ತುಸು ದೂರ ಹೋಗಿ ಅದು ಎರಡಾಗಿ ಸೀಳುತ್ತದೆ. ಒಂದು ಕವಲು ಚರ್ಮದತ್ತ, ಸ್ನಾಯುವಿನತ್ತ, ಕೀಲಿನತ್ತ ಹೋದರೆ ಇನ್ನೊಂದು ಬೆನ್ನುಹುರಿಯೊಳಕ್ಕೆ ಹೊಗುತ್ತದೆ. ಎರಡೂ ಕವಲು ಸೇರಿ ಒಂದೇ ನೇರ ದಾರಿ. ಕೋಶದ ಮೈ ಮಾತ್ರ ದಾರಿಯಿಂದ ಪಕ್ಕಕ್ಕೆ. ಹೆದ್ದಾರಿಯಿಂದ ಒಂದು ಓಣಿಯಷ್ಟು ಒಳಕ್ಕಿರುವ ಮನೆಯ ಹಾಗೆ: ಲಾರಿಗಳು ಮನೆ ಮುಂದೆ ನಿಲ್ಲುವುದಿಲ್ಲ, ಆದರೆ ಈ ರಸ್ತೆಯ ರಿಪೇರಿಗೆ ಬೇಕಾದದ್ದೆಲ್ಲ ಬರುವುದು ಆ ಮನೆಯಿಂದಲೇ.

ಈ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ನರಗಂಟು ಎಂದರೆ ಸಂಕೇತ ಒಂದು ಕೋಶದಿಂದ ಇನ್ನೊಂದಕ್ಕೆ ಹಸ್ತಾಂತರವಾಗುವ ಠಾಣೆ ಎಂದು ಅನೇಕ ಪುಸ್ತಕಗಳು ಬರೆದುಬಿಡುತ್ತವೆ. ಕರುಳು, ಹೃದಯಗಳನ್ನು ನಡೆಸುವ ಸ್ವಾಯತ್ತ ನರಗಳ ಗಂಟುಗಳ ಮಟ್ಟಿಗೆ ಅದು ನಿಜ, ಅಲ್ಲಿ ಹಸ್ತಾಂತರ ನಡೆಯುತ್ತದೆ. ಸಂವೇದನೆಯ ಗಂಟುಗಳಲ್ಲಿ ಅದು ನಡೆಯುವುದಿಲ್ಲ. ನಿಮ್ಮ ಕಾಲಿನ ಹೆಬ್ಬೆರಳು ನುಣುಪಾದ ನೆಲವನ್ನು ಮುಟ್ಟಿದಾಗ ಹೊರಟ ಸಂಕೇತ ಕಾಲು, ತೊಡೆಗಳನ್ನು ಹಾದು, ಸೊಂಟದ ಐದನೆಯ ನರಗಂಟಿನ ಬದಿಯಿಂದ ಸಾಗಿ, ಬೆನ್ನುಹುರಿಯ ಹಿಂಭಾಗದಲ್ಲಿ ಮೇಲಕ್ಕೇರಿ, ಮೆದುಳಿನ ಬುಡ ಮುಟ್ಟುವವರೆಗೆ ಇರುವುದು ಒಂದೇ ಕೋಶದೊಳಗೆ. ಕತ್ತಿನ ಮೇಲ್ತುದಿಯಲ್ಲಿ ಅದು ಮೊದಲ ಬಾರಿಗೆ ಇನ್ನೊಂದು ಕೋಶದ ಕೈಸೇರುತ್ತದೆ. ಎತ್ತರದ ಮನುಷ್ಯನಲ್ಲಿ ಈ ಒಂದು ಕೋಶದ ಉದ್ದ ಒಂದೂವರೆ ಮೀಟರಿಗೂ ಮಿಕ್ಕಿದ್ದು. ನಮ್ಮ ಮೈಯಲ್ಲಿ ಇದಕ್ಕಿಂತ ಉದ್ದದ ಕೋಶವಿಲ್ಲ. ನೋವಿನದು, ಬಿಸಿ ತಣ್ಣಗಿನದು ಮಾತ್ರ ಬೆನ್ನುಹುರಿ ಹೊಕ್ಕ ಮಟ್ಟದಲ್ಲೇ ಮುಂದಿನ ಕೋಶಕ್ಕೆ ದಾಟಿ, ಹುರಿಯ ಎದುರು ಬದಿಗೆ ತಿರುಗಿ ಮೇಲೇರುತ್ತದೆ.

ಕೋಶದ ಮೈ ಹೀಗೆ ಪಕ್ಕಕ್ಕೆ ಸರಿದಿರುವುದು ಮೊದಲಿನಿಂದ ಇದ್ದದ್ದಲ್ಲ, ಭ್ರೂಣದಲ್ಲಿ ಆದ ಬದಲಾವಣೆ. ಮೊದಮೊದಲು ಈ ಕೋಶಕ್ಕೂ ಎರಡು ತುದಿಯಲ್ಲಿ ಎರಡು ಎಳೆ ಇರುತ್ತವೆ, ಮೈ ನಡುದಾರಿಯಲ್ಲೇ ಇರುತ್ತದೆ. ಆಮೇಲೆ ಎರಡೂ ಎಳೆಗಳ ಬುಡ ಹತ್ತಿರ ಬಂದು ಒಂದಾಗುತ್ತವೆ. ಒಳಗಿವಿಯ ನರಗಂಟಿನಲ್ಲಿ ಹಳೆಯ ಏರ್ಪಾಡೇ ಕೊನೆವರೆಗೂ ಉಳಿಯುತ್ತದೆ. ದಪ್ಪ ಮೈ ದಾರಿಯ ನಡುವೆ ಇದ್ದರೆ ಸಂಕೇತ ಅಲ್ಲಿ ತಡವಾಗುತ್ತದೆ ಎಂಬುದು ಪಕ್ಕಕ್ಕೆ ಸರಿದುದಕ್ಕೆ ಕೊಡುವ ಒಂದು ಕಾರಣ. ಕಿವಿ ಯಾಕೆ ಹಾಗೆ ಮಾಡಲಿಲ್ಲ ಎಂದು ಕೇಳಿದರೆ ಆ ಕಾರಣ ಅಷ್ಟು ಗಟ್ಟಿ ಅನ್ನಿಸುವುದಿಲ್ಲ.

ಸಂಕೇತದ ವೇಗದ ಕಥೆ ಬೇರೆ. 1850ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆಯುವವರೆಗೂ ಅದು ಅಳತೆಗೆ ಸಿಗದಷ್ಟು ಕ್ಷಿಪ್ರ ಎಂದೇ ಎಣಿಕೆಯಿತ್ತು. ಅವರ ಗುರು ಯೋಹಾನೆಸ್ ಮ್ಯೂಲರ್ ಕೂಡ ಹಾಗೇ ತಿಳಿದಿದ್ದರು. ಅಳೆದಾಗ ಬಂದದ್ದು ಸೆಕೆಂಡಿಗೆ ಸುಮಾರು 27 ಮೀಟರ್. ಇದು ತಂತಿಯಲ್ಲಿ ಹರಿಯುವ ವಿದ್ಯುತ್ತಲ್ಲ ಎಂಬುದು ಆ ಒಂದು ಅಂಕಿಯಿಂದಲೇ ಗೊತ್ತಾಯಿತು. ನರತಂತುವಿನ ಪೊರೆಯಲ್ಲಿ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಅದರಿಂದ ಪಕ್ಕದ ಬಾಗಿಲು ತೆರೆಯುತ್ತದೆ, ಅದರಿಂದ ಅದರ ಪಕ್ಕದ್ದು. ಮೈಲಿನ್ ಕವಚವಿರುವ ದಪ್ಪ ತಂತುಗಳಲ್ಲಿ ಈ ಮಿಡಿತ ಹಾರಿ ಹಾರಿ ಸಾಗುತ್ತದೆ. ಕವಚವಿಲ್ಲದ ಸಣ್ಣ ತಂತುಗಳಲ್ಲಿ ತೆವಳುತ್ತದೆ. ಕತ್ತಲಲ್ಲಿ ಹೊಸಿಲಿಗೆ ಕಾಲು ಎಡವಿದಾಗ ಇದು ಅನುಭವಕ್ಕೇ ಬರುತ್ತದೆ. ತಾಗಿದ್ದು ಗೊತ್ತಾಗುವುದು ಮೊದಲು, ಸೆಕೆಂಡಿಗೆ ಐವತ್ತು ಮೀಟರಿನ ಆಸುಪಾಸಿನಲ್ಲಿ. ಬೆನ್ನಿಗೇ ಚುಚ್ಚಿದಂಥ ತೀಕ್ಷ್ಣ ನೋವು, ಇಪ್ಪತ್ತು ಮೀಟರಿನಲ್ಲಿ. ‘ಅಯ್ಯೋ, ಇನ್ನೇನು ಬಂತು’ ಎಂದು ಕಾಲು ಹಿಡಿದುಕೊಂಡು ಕಾಯುತ್ತೀರಲ್ಲ, ಆ ಉರಿಯುವ, ಜಗ್ಗುವ ಎರಡನೆಯ ನೋವು ಸೆಕೆಂಡಿಗೆ ಸುಮಾರು ಒಂದೇ ಮೀಟರ್ ನಡೆದು ಬರುತ್ತದೆ. ಮೂರೂ ಒಂದೇ ನರಗಂಟನ್ನು ಹಾದು ಹೋಗುತ್ತವೆ, ಬೇರೆ ಬೇರೆ ಕೋಶಗಳ ಮೂಲಕ.

ಮಿಡಿತದಲ್ಲಿ ದೊಡ್ಡದು ಸಣ್ಣದು ಎಂಬುದಿಲ್ಲ. ಕೇಂಬ್ರಿಡ್ಜಿನ ಎಡ್ಗರ್ ಏಡ್ರಿಯನ್ 1926ರಲ್ಲಿ, ಸ್ವೀಡನ್ನಿನ ಇಂಗ್ವೆ ಸೊಟ್ಟರ್‌ಮನ್ ಜೊತೆ, ಒಂದೇ ಒಂದು ಸಂವೇದನಾ ತಂತುವಿನ ಮಿಡಿತಗಳನ್ನು ದಾಖಲಿಸಿದರು. ಸ್ನಾಯುವಿನ ಎಳೆತ ಹೆಚ್ಚಿದಂತೆ ಮಿಡಿತಗಳು ದೊಡ್ಡವಾಗಲಿಲ್ಲ, ಒಂದರ ಹಿಂದೊಂದು ಬೇಗ ಬೇಗ ಬಂದವು. ಬಲವನ್ನು ಹೇಳುವುದು ಮಿಡಿತಗಳ ಎಣಿಕೆ; ಎಲ್ಲಿಂದ ಬಂತು, ಏನು ಬಂತು ಎಂಬುದನ್ನು ಹೇಳುವುದು ಯಾವ ತಂತು ಮಿಡಿಯಿತು ಎಂಬ ಸಂಗತಿ.

ಹಿಂಬೇರು ಸಂವೇದನೆಯದು, ಮುಂಬೇರು ಚಲನೆಯದು ಎಂದು ತಿಳಿದದ್ದು 19ನೇ ಶತಮಾನದ ಆರಂಭದಲ್ಲಿ. ಲಂಡನ್ನಿನ ಚಾರ್ಲ್ಸ್ ಬೆಲ್ 1811ರಲ್ಲಿ ಅರ್ಧ ದಾರಿ ನಡೆದರು, ಮುಂಬೇರಿಗೂ ಚಲನೆಗೂ ಇರುವ ನಂಟನ್ನು ಗುರುತಿಸಿ ಗೆಳೆಯರಿಗೆ ಹಂಚಲು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದರು. ಫ್ರಾನ್ಸಿನ ಫ್ರಾನ್ಸ್ವಾ ಮಜಾಂಡಿ 1822ರಲ್ಲಿ ನಾಯಿಮರಿಗಳ ಬೇರುಗಳನ್ನು ಒಂದೊಂದಾಗಿ ಕತ್ತರಿಸಿ ಪೂರ್ತಿ ಉತ್ತರ ಕೊಟ್ಟರು. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಯಾರು ಮೊದಲು ಎಂದು ಎರಡು ದೇಶಗಳು ವರ್ಷಗಟ್ಟಲೆ ಜಗಳವಾಡಿದವು. ಆ ಮರಿಗಳ ಪಾಡನ್ನು ನೆನೆದರೆ ಆ ಜಗಳದಲ್ಲಿ ಯಾರ ಪರವನ್ನೂ ವಹಿಸಲು ನನಗಂತೂ ಮನಸ್ಸಾಗುವುದಿಲ್ಲ.

ಗಂಟಿನ ಕೆಲಸ ಏನು ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. ಅದನ್ನು ಬಿಡಿಸಿದವರು ಆಗಸ್ಟಸ್ ವಾಲರ್, 1850ರ ದಶಕದ ಆರಂಭದಲ್ಲಿ. ಅವರ ತರ್ಕ ಸರಳ, ಸೊಗಸು. ನರವನ್ನು ಗಂಟಿನ ಹೊರಬದಿಯಲ್ಲಿ ಕತ್ತರಿಸಿ ಕೆಲ ದಿನ ಬಿಟ್ಟು ನೋಡಿದರೆ ಚರ್ಮದ ಕಡೆಯ ತುಂಡು ಕೊಳೆತು ಚೂರಾಗಿರುತ್ತದೆ, ಗಂಟಿಗೆ ಅಂಟಿದ ತುಂಡು ಗಟ್ಟಿಯಾಗಿಯೇ ಇರುತ್ತದೆ. ಗಂಟಿಗೂ ಬೆನ್ನುಹುರಿಗೂ ನಡುವೆ ಕತ್ತರಿಸಿದರೆ? ಸಾಯುವುದು ಹುರಿಯ ಕಡೆಯ ತುಂಡು. ಗಂಟಿನ ಕಡೆಯದು ಈಗಲೂ ಬದುಕಿರುತ್ತದೆ. ಹಾಗಾದರೆ ಸಂವೇದನೆಯ ತಂತುಗಳಿಗೆ ಜೀವ ಬರುವುದು ಬೆನ್ನುಹುರಿಯಿಂದಲ್ಲ, ಮೆದುಳಿನಿಂದಂತೂ ಅಲ್ಲ, ಗಂಟಿನಿಂದ.

ಆ ಜೀವ ಎಂದರೆ ಏನೆಂದು ಈಗ ನಮಗೆ ಗೊತ್ತು: ಪ್ರೋಟೀನುಗಳು, ಕಿಣ್ವಗಳು, ಪೊರೆಯ ಬಾಗಿಲುಗಳು. ಬಹುಪಾಲು ಇವೆಲ್ಲ ತಯಾರಾಗುವುದು ಗಂಟಿನೊಳಗಿನ ಕೋಶಮೈಯಲ್ಲಿ. ಇಡೀ ಕೋಶದ ಗಾತ್ರದಲ್ಲಿ ಆ ಮೈಯ ಪಾಲು ಶೇಕಡಾ ಒಂದಕ್ಕೂ ಕಡಿಮೆ, ಉಳಿದದ್ದೆಲ್ಲ ತಂತುವೇ. ತಯಾರಾದದ್ದು ತಂತುವಿನೊಳಗಿನ ಸಣ್ಣ ಕೊಳವೆಗಳ ಮೇಲೆ ಸಾಗುತ್ತದೆ. ವೇಗದ ಸರಕು ದಿನಕ್ಕೆ ಸುಮಾರು 40 ಸೆಂಟಿಮೀಟರ್, ನಿಧಾನದ್ದು ಕೆಲವೇ ಮಿಲಿಮೀಟರ್. ಮಿಡಿತ ಹೆಬ್ಬೆರಳಿನಿಂದ ಗಂಟಿಗೆ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಗಂಟಿನಿಂದ ಹೆಬ್ಬೆರಳಿಗೆ ಹೊಸ ಪ್ರೋಟೀನು ಹೋಗಬೇಕಾದರೆ ಎರಡು ಮೂರು ದಿನ. ಈ ಸಾಗಾಟ ಎರಡೂ ದಿಕ್ಕಿಗೆ ನಡೆಯುತ್ತದೆ. ಸರ್ಪಸುತ್ತಿನ ಗುಟ್ಟು ಇಲ್ಲೇ ಇದೆ.

ಚಿಕ್ಕಂದಿನಲ್ಲಿ ಮೈಗೆ ಅಮ್ಮ ಆಗಿ ಗುಣವಾದಾಗ, ಅಂದರೆ ಚಿಕನ್‌ಪಾಕ್ಸ್ ಬಂದು ಹೋದಾಗ, ವೈರಸ್ಸು ಪೂರ್ತಿ ಹೋಗಿರುವುದಿಲ್ಲ. ಚರ್ಮದ ಗುಳ್ಳೆಗಳಿಂದ ನರದ ತುದಿಯೊಳಗೆ ನುಸುಳಿ, ಮರಳಿ ಹೋಗುವ ಸರಕಿನ ಜೊತೆ ಸೇರಿ, ಗಂಟಿನವರೆಗೆ ಪ್ರಯಾಣ ಮಾಡಿರುತ್ತದೆ. ರಕ್ತದ ಮೂಲಕವೂ ಅದು ಅಲ್ಲಿಗೆ ತಲುಪಬಲ್ಲದು. ಅಲ್ಲಿ ನರಕೋಶದ ಬೀಜಕೇಂದ್ರದಲ್ಲಿ ಬರಿಯ ಡಿಎನ್‌ಎ ಎಳೆಯಾಗಿ ಸುಮ್ಮನೆ ಉಳಿಯುತ್ತದೆ, ಮೂವತ್ತು, ಐವತ್ತು, ಎಪ್ಪತ್ತು ವರ್ಷ. ಅದು ಮತ್ತೆ ಎದ್ದರೆ ಸರ್ಪಸುತ್ತು. ಈ ಮಾತನ್ನು ಮೊದಲು ಸ್ಪಷ್ಟವಾಗಿ ಮುಂದಿಟ್ಟವರು ದೊಡ್ಡ ಪ್ರಯೋಗಾಲಯದವರಲ್ಲ. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪೇಟೆಯ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ತಮ್ಮ ಕ್ಲಿನಿಕ್ಕಿಗೆ ಬಂದ ಒಂದೊಂದು ಸರ್ಪಸುತ್ತನ್ನೂ 16 ವರ್ಷ ಬರೆದಿಟ್ಟರು, ಒಟ್ಟು 192. ಚಿಕನ್‌ಪಾಕ್ಸ್‌ಗೆ ಕಾಲವಿದೆ, ಅಲೆಯಿದೆ. ಸರ್ಪಸುತ್ತಿಗೆ ಎರಡೂ ಇರಲಿಲ್ಲ. ವಯಸ್ಸು ಏರಿದಷ್ಟೂ ಅದು ಹೆಚ್ಚುತ್ತಿತ್ತು. ಹೊರಗಿನಿಂದ ಬಂದ ಸೋಂಕಾಗಿದ್ದರೆ ಹೀಗಾಗುವುದಿಲ್ಲ, ಒಳಗೆ ಅಡಗಿದ್ದು ದೇಹದ ರಕ್ಷಣೆ ಸಡಿಲವಾದಾಗ ಏಳುತ್ತಿದೆ ಎಂದು ಅವರು 1965ರಲ್ಲಿ ಬರೆದರು. ಸತ್ತವರ ನರಗಂಟುಗಳಲ್ಲಿ ಆ ವೈರಸ್ಸಿನ ಡಿಎನ್‌ಎ ಸಿಕ್ಕಿದ್ದು 1983ರಲ್ಲಿ.

ಎದ್ದ ವೈರಸ್ಸು ಒಂದು ಗಂಟಿನ ಕೋಶಗಳಲ್ಲಿ ಹೆಚ್ಚಿ, ಆ ಕೋಶಗಳ ತಂತುಗಳಗುಂಟ ಚರ್ಮಕ್ಕೆ ಇಳಿಯುತ್ತದೆ. ಒಂದೊಂದು ಗಂಟಿಗೂ ಚರ್ಮದಲ್ಲಿ ಒಂದೊಂದು ಪಟ್ಟಿ ಮೀಸಲು. ಎದೆಯ ನಾಲ್ಕನೆಯದು ಮೊಲೆತೊಟ್ಟಿನ ಮಟ್ಟಕ್ಕೆ, ಹತ್ತನೆಯದು ಹೊಕ್ಕುಳಿನ ಮಟ್ಟಕ್ಕೆ. ಎಡಗಂಟಿನ ತಂತುಗಳು ಎಡ ಅರ್ಧಕ್ಕಷ್ಟೇ ಹೋಗುತ್ತವೆ, ನಡುಗೆರೆಯಲ್ಲಿ ತುಸು ಅತ್ತಿತ್ತ ಆದರೂ ಬಲಕ್ಕೆ ಸಾಗುವುದಿಲ್ಲ. ಹಾವು ಸುತ್ತು ಮುಗಿಸದಿರುವುದು ಇದೇ ಕಾರಣಕ್ಕೆ. ರೋಗನಿರೋಧಕ ಶಕ್ತಿ ತೀರ ಕುಸಿದವರಲ್ಲಿ ಗುಳ್ಳೆಗಳು ಮೈಯೆಲ್ಲ ಹರಡುವುದುಂಟು, ಆಗ ಅಪಾಯವೂ ಉಂಟು. ಆದರೆ ಅದು ತಲೆ ಬಾಲ ಕೂಡಿದ್ದರಿಂದಲ್ಲ, ವೈರಸ್ಸು ರಕ್ತಕ್ಕೆ ಸೇರಿದ್ದರಿಂದ.

ಈ ಪಟ್ಟಿಗಳ ನಕ್ಷೆ ನಮಗೆ ಸಿಕ್ಕಿದ್ದೂ ಸರ್ಪಸುತ್ತಿನಿಂದಲೇ. ಹೆನ್ರಿ ಹೆಡ್ ಮತ್ತು ಆಲ್‌ಫ್ರೆಡ್ ಕ್ಯಾಂಪ್‌ಬೆಲ್ ನೂರಾರು ರೋಗಿಗಳ ಗುಳ್ಳೆಪಟ್ಟಿಗಳನ್ನು ಚಿತ್ರಿಸಿಟ್ಟುಕೊಂಡರು. ಅಂಥವರಲ್ಲಿ ಸತ್ತ 21 ಜನರ ಬೆನ್ನುಮೂಳೆ ಬಿಡಿಸಿ ಯಾವ ಗಂಟು ಊದಿ ರಕ್ತ ಕಟ್ಟಿದೆ, ಯಾವುದರಲ್ಲಿ ಹಳೆಯ ಕಲೆಯಿದೆ ಎಂದು ತಾಳೆ ನೋಡಿದರು. 1900ರಲ್ಲಿ ಪ್ರಕಟವಾದ ಆ ನಕ್ಷೆಯ ವಂಶಸ್ಥರೇ ಇಂದು ನರವೈದ್ಯರ ಕೊಠಡಿಯ ಗೋಡೆಗಳ ಮೇಲಿರುವ ಪಟಗಳು. ಹೆಡ್ ಅಷ್ಟಕ್ಕೆ ತೃಪ್ತರಾಗದೆ 1903ರಲ್ಲಿ ತಮ್ಮದೇ ಎಡ ಮುಂಗೈಯ ನರವನ್ನು ಕತ್ತರಿಸಿ ಹೊಲಿಸಿಕೊಂಡರು. ಸಂವೇದನೆ ಮರಳಿದ ಬಗೆಯನ್ನು ಗೆಳೆಯ ರಿವರ್ಸ್ ನಾಲ್ಕು ವರ್ಷ ಪರೀಕ್ಷಿಸಿ ಬರೆದುಕೊಂಡರು. ಮರಳುವ ಭರವಸೆಯಂತೂ ಇತ್ತು: ಕತ್ತರಿ ಬಿದ್ದದ್ದು ಗಂಟಿನಿಂದಾಚೆ, ಗಂಟು ಕ್ಷೇಮವಾಗಿತ್ತು.

ಗುಳ್ಳೆ ಏಳುವುದಕ್ಕೆ ಎರಡು ಮೂರು ದಿನ ಮೊದಲೇ ನೋವು ಶುರುವಾಗುವುದಕ್ಕೂ ಗಂಟೇ ಕಾರಣ. ಉರಿಯೂತ ಅಲ್ಲಿ ಮೊದಲು, ಚರ್ಮದಲ್ಲಿ ಆಮೇಲೆ. ಆ ದಿನಗಳಲ್ಲಿ ಎದೆಯ ಎಡಭಾಗ ನೋಯುತ್ತದೆಂದು ಬಂದವರಿಗೆ ಇಸಿಜಿ ಮಾಡಿ ಏನಿಲ್ಲ ಎಂದು ಕಳುಹಿಸುವುದು, ಮೂರನೆಯ ದಿನ ಗುಳ್ಳೆ ಕಂಡು ಎಲ್ಲರೂ ನಿಟ್ಟುಸಿರುಬಿಡುವುದು ವೈದ್ಯರಿಗೆ ಪರಿಚಿತ ಸಂಗತಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಏಸೈಕ್ಲೊವಿರ್‌ನಂಥ ಮಾತ್ರೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಕೆಮ್ಮಣ್ಣಿನಿಂದ ಆಗುವ ದೊಡ್ಡ ಹಾನಿ ಆ 72 ಗಂಟೆ ಕಳೆದುಹೋಗುವುದೇ. ಗುಳ್ಳೆ ಮೂಗಿನ ತುದಿಯಲ್ಲೋ ಹಣೆಯಲ್ಲೋ ಎದ್ದಿದ್ದರೆ ಕಣ್ಣಿನ ವೈದ್ಯರನ್ನು ಆ ದಿನವೇ ಕಾಣಬೇಕು, ಏಕೆಂದರೆ ಮುಖದ ನರಗಂಟಿನ ಅದೇ ಕವಲು ಕಣ್ಣಿಗೂ ಹೋಗುತ್ತದೆ. ಹುಣ್ಣು ಮಾಗಿದ ಮೇಲೂ ಕೆಲವರಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ, ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಗಾಯಗೊಂಡ ಕೋಶಗಳು ಯಾರೂ ಮುಟ್ಟದಿದ್ದರೂ ತಾವಾಗಿ ಮಿಡಿಯುತ್ತಿರುತ್ತವೆ. ಅಂಗಿ ಸೋಕಿದರೂ ಕೆಂಡ ತಾಗಿದಂತೆ ಬೆಚ್ಚಿಬೀಳುತ್ತಾರೆ. ಸರ್ಪಸುತ್ತನ್ನು ತಡೆಯುವ ಲಸಿಕೆ ಈಗ ಭಾರತದಲ್ಲೂ ಸಿಗುತ್ತದೆ, ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ನೋವಿನ ಬಾಗಿಲುಗಳನ್ನು ಹುಡುಕಲು ಹೊರಟವರೂ ಬಂದು ನಿಂತದ್ದು ಇದೇ ಗಂಟುಗಳ ಮುಂದೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ರಾತ್ರಿಯೆಲ್ಲ ಉರಿಯುತ್ತದೆ, ಮುಟ್ಟಿ ನೋಡಿದರೆ ಕೈ ತಣ್ಣಗೇ ಇರುತ್ತದೆ. ಡೇವಿಡ್ ಜೂಲಿಯಸ್ ತಂಡ ಇಲಿಗಳ ಹಿಂಬೇರಿನ ನರಗಂಟುಗಳಲ್ಲಿ ಕೆಲಸ ಮಾಡುತ್ತಿರುವ ಜೀನುಗಳನ್ನೆಲ್ಲ ಸಂಗ್ರಹಿಸಿ, ಅವನ್ನು ಖಾರದ ಗೊಡವೆಯೇ ಇಲ್ಲದ ಬೇರೆ ಕೋಶಗಳಿಗೆ ಹಾಕುತ್ತ ಹೋಯಿತು. ಮೆಣಸಿನ ಕ್ಯಾಪ್ಸೈಸಿನ್ ಸುರಿದಾಗ ಯಾವ ಕೋಶ ಸ್ಪಂದಿಸುತ್ತದೆಂದು ಕಾದರು. 1997ರಲ್ಲಿ ಸಿಕ್ಕ ಆ ಜೀನಿನ ಪ್ರೋಟೀನು ಮೆಣಸಿಗೆ ಮಾತ್ರವಲ್ಲ, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುವ ಬಾಗಿಲಾಗಿತ್ತು. ಖಾರ ರುಚಿಯಲ್ಲ, ಸುಟ್ಟಿತು ಎಂಬ ಸುಳ್ಳು ಸುದ್ದಿ. ಸ್ಪರ್ಶದ ಬಾಗಿಲನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜೊತೆಗೆ ಜೂಲಿಯಸ್‌ಗೆ 2021ರ ನೊಬೆಲ್ ಬಂತು.

ಮೆದುಳಿಗೂ ಬೆನ್ನುಹುರಿಗೂ ರಕ್ತದಿಂದ ಒಂದು ತಡೆಗೋಡೆ ಇದೆ, ಕಂಡ ಕಂಡ ವಸ್ತು ಒಳಗೆ ಹೋಗಲಾರದು. ನರಗಂಟಿಗೆ ಆ ಭಾಗ್ಯವಿಲ್ಲ. ಅಲ್ಲಿನ ರಕ್ತನಾಳಗಳು ಸೋರುವಂಥವು. ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಗಂಟಿನೊಳಗೆ ಸೇರಿಕೊಂಡು ಕೋಶಗಳನ್ನು ಕೊಲ್ಲುತ್ತದೆ. ರೋಗಿ ಪಾದಗಳಲ್ಲಿ ಜೋಮು ಎನ್ನುತ್ತಾರೆ. ಅತಿ ಉದ್ದದ ತಂತುಗಳನ್ನು ಸಾಕಬೇಕಾದ ಕೋಶಗಳೇ ಮೊದಲು ಸೋಲುವುದರಿಂದ ಜೋಮು ಶುರುವಾಗುವುದು ಸಾಮಾನ್ಯವಾಗಿ ಕಾಲ್ಬೆರಳಿನಲ್ಲಿ.

ದೇಹದ ಸ್ವಂತ ರಕ್ಷಣಾ ಪಡೆ ಗಂಟುಗಳ ಮೇಲೆ ತಿರುಗಿಬಿದ್ದರೆ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಉದಾಹರಣೆ. 1971ರಲ್ಲಿ, 19ರ ಹರೆಯದಲ್ಲಿ, ಜ್ವರ ಬಂದು ಬಿಟ್ಟ ಮೇಲೆ ಅವರಿಗೆ ಕತ್ತಿನಿಂದ ಕೆಳಗೆ ಮುಟ್ಟಿದ್ದು ತಿಳಿಯದಾಯಿತು, ಕೈಕಾಲು ಎಲ್ಲಿವೆಯೆಂಬ ಅರಿವು ಹೋಯಿತು. ನೋವು, ಬಿಸಿ, ತಂಪು ಮಾತ್ರ ಹಾಗೇ ಉಳಿದವು. ಹೋದದ್ದು ದಪ್ಪ ತಂತುಗಳ ಕೋಶಗಳು, ಸಣ್ಣವು ಪಾರಾಗಿದ್ದವು. ಸ್ನಾಯುಗಳಿಗೆ ಏನೂ ಆಗಿರಲಿಲ್ಲ, ಆದರೂ ಎದ್ದು ಕೂರಲು ಆಗುತ್ತಿರಲಿಲ್ಲ. ಆಮೇಲೆ ಅವರು ಕೈಕಾಲುಗಳನ್ನು ಕಣ್ಣಿನಿಂದ ನೋಡಿ ನೋಡಿ ನಡೆಸುವುದನ್ನು ಕಲಿತರು. ಮಂಚದಿಂದ ಏಳುವುದು, ಲೋಟ ಹಿಡಿಯುವುದು, ಹೆಜ್ಜೆ ಇಡುವುದು ಎಲ್ಲಕ್ಕೂ ನೋಟ ಮತ್ತು ಯೋಚನೆ ಬೇಕು. ವೈದ್ಯ ಜೋನಥನ್ ಕೋಲ್ 1991ರಲ್ಲಿ ಅವರ ಬಗ್ಗೆ ಪುಸ್ತಕ ಬರೆದರು. ದೀಪ ಆರಿದರೆ ವಾಟರ್‌ಮನ್ ನಿಂತಲ್ಲೇ ಕುಸಿಯುತ್ತಿದ್ದರು.

ಗಂಟಿನ ಸೋರುವ ಗೋಡೆಗೂ ನಮ್ಮ ಊರಿನ ಮೆಡಿಕಲ್ ಶಾಪಿಗೂ ಒಂದು ನಂಟಿದೆ. ಕೈಕಾಲು ಜೋಮು, ಸೆಳೆತ, ಸುಸ್ತು ಯಾವುದಕ್ಕಾದರೂ ‘ಒಂದು ನರದ ಮಾತ್ರೆ ಕೊಡಿ’ ಎಂದು ಕೇಳುವವರಿದ್ದಾರೆ, ಚೀಟಿ ನೋಡದೆ ಕೊಡುವವರೂ ಇದ್ದಾರೆ. ಅಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಬಿ6 ವಿಟಮಿನ್ ಇರುತ್ತದೆ. ಅತಿಯಾದರೆ ಅದೂ ಆ ಗೋಡೆ ದಾಟಿ ಗಂಟಿನ ಕೋಶಗಳನ್ನು ಕೆಡಿಸಬಲ್ಲದು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. 1983ರಲ್ಲಿ ಹರ್ಬರ್ಟ್ ಶಾಮ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ ಏಳು ಮಂದಿಯ ವಿವರ ಪ್ರಕಟಿಸಿದರು. ಅವರೆಲ್ಲ ದಿನಕ್ಕೆ ಗ್ರಾಂಗಟ್ಟಲೆ ಬಿ6 ನುಂಗಿ ಪಾದ ಮರಗಟ್ಟಿ, ತೂರಾಡುತ್ತ ನಡೆಯುವ ಸ್ಥಿತಿಗೆ ಬಂದಿದ್ದರು. ಮಾತ್ರೆ ನಿಲ್ಲಿಸಿದ ಮೇಲೆ ಸುಧಾರಿಸಿದರು, ನಿಧಾನವಾಗಿ. ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವನ್ನೂ ಬಹುಕಾಲ ತೆಗೆದುಕೊಳ್ಳುವುದು ಸರಿಯಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ವಯಸ್ಕರ ಮೇಲ್ಮಿತಿಯನ್ನು ದಿನಕ್ಕೆ 12 ಮಿಲಿಗ್ರಾಂಗೆ ಇಳಿಸಿತು.

ಹಾಗೆಂದು ಬಿ6 ವಿಷವೇನಲ್ಲ. ಕ್ಷಯಕ್ಕೆ ಐಸೊನಿಯಾಜಿಡ್ ತೆಗೆದುಕೊಳ್ಳುವವರಿಗೆ ಆ ಔಷಧಿಯಿಂದಲೇ ಬಿ6 ಕೊರತೆಯಾಗಿ ನರ ಕೆಡುವ ಸಂಭವವಿರುವುದರಿಂದ ವೈದ್ಯರು ಅದನ್ನು ಅಳೆದು ಕೊಡುತ್ತಾರೆ. ಅವರು ಅದನ್ನು ನಿಲ್ಲಿಸಬಾರದು. ಉಳಿದವರ ಜೋಮಿಗೆ ಸಕ್ಕರೆ ಕಾಯಿಲೆಯೋ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಕೊರತೆಯೋ ಕಾರಣವಿರಬಹುದು. ಎರಡನ್ನೂ ರಕ್ತಪರೀಕ್ಷೆಯಿಂದ ತಿಳಿಯಬಹುದು.